ಎರಡು ಟಿಕೆಟಿನ ನಡುವಿನ ಹೊತ್ತು

ಕುಮಟಾದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಅವತ್ತು ಹೊನ್ನಾವರ ಇನ್ನೇನು ಬಂತು ಅನ್ನುವಾಗ, ಆಗಷ್ಟೇ ಹತ್ತಿದ ಅಜ್ಜಿಯೊಬ್ಬರಿಗೆ ಟಿಕೆಟ್ ಕೊಟ್ಟೆ. ಅವರು ಕೈಚಾಚುವಷ್ಟರಲ್ಲಿ ಮಡಿಲಲ್ಲಿದ್ದ ಮೊಮ್ಮಗನ ಕಣ್ಣು ಮೇಲೆ ಹೋಗಿ ಕೈಕಾಲು ಅದುರತೊಡಗಿತು.

"ಫಿಟ್ಸು. ಕೈಗೆ ಕಬ್ಬಿಣ ಕೊಡಿ" ಎಂದು ಹಿಂದಿನಿಂದ ಯಾರೋ ಹೇಳಿದರು. ಡ್ರೈವರ್ ಬಸ್ ನಿಲ್ಲಿಸಿ, ಅದರ ಕೀಯನ್ನೇ ತೆಗೆದು ಮಗುವಿನ ಮುಷ್ಟಿಯಲ್ಲಿಟ್ಟ. ನಾನು ಮಗುವನ್ನು ಮಗ್ಗುಲಾಗಿ ಮಲಗಿಸಿ ಹಿಡಿದುಕೊಂಡೆ. ಅದುರುವುದು ನಿಂತು ಮಗು ಅತ್ತಿತು. ಹೊರಡೋಣವೆಂದರೆ ಕೀ ಇನ್ನೂ ಮುಷ್ಟಿಯಲ್ಲೇ ಇತ್ತು, ಬಿಡಿಸಲು ಯಾರಿಗೂ ಧೈರ್ಯವಿಲ್ಲ. ಏನು ಮಾಡಬೇಕೆಂದು ತೋಚದೆ ನಾನು ಪಕ್ಕದವರಿಗೆ ಟಿಕೆಟ್ ಕೊಟ್ಟೆ. ಕೊನೆಗೆ ಅಜ್ಜಿಯೇ ಕೀ ಬಿಡಿಸಿಕೊಟ್ಟರು. ಬಸ್ಸು ಸೀದಾ ಆಸ್ಪತ್ರೆಗೆ ಹೋಯಿತು.

"ಜ್ವರ ಇತ್ತಾ?" ಎಂದು ಡಾಕ್ಟರ್ ಕೇಳಿದರು.

"ಇಲ್ಲ. ಬೆಳಿಗ್ಗೆಯಿಂದ ಎರಡು ಸಲ ಭೇದಿ ಆತು, ಅಷ್ಟೇ" ಎಂದರು ಅಜ್ಜಿ.

"ಫಿಟ್ಸ್ ಎಷ್ಟು ಹೊತ್ತು ಇತ್ತು?"

"ಅರ್ಧ ಗಂಟೆ."

ನಾನು ಟಿಕೆಟ್ ಮಷಿನ್ ನೋಡಿದೆ. ಅಜ್ಜಿಯ ಟಿಕೆಟ್ ಹತ್ತು ಹನ್ನೆರಡಕ್ಕೆ, ಅದುರುವುದು ನಿಂತ ಮೇಲೆ ಪಕ್ಕದವರಿಗೆ ಕೊಟ್ಟದ್ದು ಹತ್ತು ಹದಿನಾಲ್ಕಕ್ಕೆ. "ಎರಡು ನಿಮಿಷ" ಎಂದೆ.

ಡಾಕ್ಟರ್ ಅದನ್ನೇ ಬರೆದುಕೊಂಡರು. ಸಣ್ಣ ಮಕ್ಕಳಿಗೆ ಜ್ವರವಿಲ್ಲದಿದ್ದರೂ ಸಾಧಾರಣ ಭೇದಿಯಲ್ಲೇ ಹೀಗಾಗುವುದುಂಟು, ಇವತ್ತು ಮತ್ತೊಮ್ಮೆ ಬಂದರೂ ಬರಬಹುದು, ಹಾಗಾಗಿ ಇಲ್ಲೇ ಇರಲಿ, ಆಮೇಲೆ ಸಾಮಾನ್ಯವಾಗಿ ಏನೂ ತೊಂದರೆ ಉಳಿಯುವುದಿಲ್ಲ ಎಂದರು.

ಅಜ್ಜಿ ಮಾತ್ರ ಒಪ್ಪಲಿಲ್ಲ. "ನಿನ್ನ ಮಷಿನ್ ಸಮ ಇಲ್ಲ ತಮಾ, ಯಾರಿಗಾದ್ರೂ ತೋರ್ಸು" ಎಂದರು.

ಮಷಿನ್ ಸರಿಯಾಗಿಯೇ ಇದೆ. ಆದರೆ ಅದು ಕೈಯಲ್ಲಿ ಇಲ್ಲದಿದ್ದರೆ, ಡಾಕ್ಟರಿಗೆ ನಾನೂ ಅರ್ಧ ಗಂಟೆ ಎಂದೇ ಹೇಳುತ್ತಿದ್ದೆ.