ಧಕ್ಕೆಯ ತುದಿಯ ಬಿಳಿ ಅಂಗಿ

ಅಪ್ಪನ ಬಗ್ಗೆ ನನಗಿದ್ದದ್ದು ಒಂದೇ ನೆನಪು. ಸಮುದ್ರದಂಡೆಯ ಸಣ್ಣ ಊರು, ಸದ್ದಿಲ್ಲದ ಬಂದರು, ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಬಿಳಿ ಅಂಗಿ ತೊಟ್ಟು ನನಗೂ ಅವ್ವನಿಗೂ ಬೆನ್ನು ಹಾಕಿ ನಿಂತ ಅಪ್ಪ. ಮುಖ ಕಾಣುವುದಿಲ್ಲ. ಅಪ್ಪ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಧಾರವಾಡದ ಓದು ಮುಗಿಸಿ ದಾಂಡೇಲಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ಅಂಬೇವಾಡಿಯ ಬಾಡಿಗೆ ಕೋಣೆಯಲ್ಲಿ ಒಂದು ರವಿವಾರ ಆ ಬಂದರನ್ನು ಜಲವರ್ಣದಲ್ಲಿ ಬರೆಯಲು ಕೂತೆ. ಬರೆಯುತ್ತ ಹೋದರೆ ಅಪ್ಪ ಒಮ್ಮೆ ಈ ಕಡೆ ತಿರುಗಬಹುದೆಂಬ ಆಸೆ. ದೇವರು ದೆವ್ವ ಎರಡನ್ನೂ ನಂಬದವನಿಗೆ ಇಂಥ ಆಸೆ ಎಲ್ಲಿಂದ ಬಂತೋ! ನೀರಿಗೆ ತೆಳುವಾದ ನೀಲಿ ಬಳಿದೆ, ಹಂಚಿನ ಮನೆಗಳಿಗೆ ಕಾವಿ. ಅಂಗಿಗೆ ಮಾತ್ರ ಬಣ್ಣ ಹಚ್ಚಲಿಲ್ಲ. ಸುತ್ತಲೂ ಬಳಿದು ಕಾಗದದ ಬಿಳುಪನ್ನೇ ಉಳಿಸಿದೆ.

ಮಧ್ಯಾಹ್ನ ರೊಟ್ಟಿಯ ಗಂಟು ಹಿಡಿದು ಹಳಿಯಾಳದಿಂದ ಅವ್ವ ಬಂದಳು.

“ಏನೋ ಇದು, ಕೆರಿ ಕೋಡಿ ಬಿದ್ದೈತೇನು?”

“ಸಮುದ್ರ ಅವ್ವಾ. ಅಪ್ಪ ಹೋದ ಧಕ್ಕೆ.”

“ಯಾವ ಧಕ್ಕಿ?”

“ನೀನ ಅಂತಿದ್ದೆಲ್ಲ, ನಿಮ್ಮಪ್ಪ ಧಕ್ಕಿಯಾಗ ಹೋದ್ರು ಅಂತ. ನಾನೂ ನಿನ್ನ ಕೈ ಹಿಡಕೊಂಡು ನಿಂತಿದ್ದೆ.”

ಅವ್ವನಿಗೆ ನಗು ತಡೆಯಲಾಗಲಿಲ್ಲ.

“ಧಕ್ಕಿಯಾಗ ಅಲ್ಲೋ, ಧಕ್ಕಿಯಾಗಿ! ಸಂತ್ಯಾಗ ಚಕ್ಕಡಿ ಮುಂದಿನ ಮೂಕಿ ಎದಿಗೆ ಬಡೀತು, ಆ ಧಕ್ಕಿಯಾಗಿ ಹೋದ್ರು. ಸಮುದ್ರ ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ಇಷ್ಟ ಓದಿ ಒಂದು ಗುಡಸು ನುಂಗಿದೆಲ್ಲೋ!”

ಅವ್ವ ಧಕ್ಕೆಯಾಗಿ ಎಂದದ್ದನ್ನು ನಾನು ಧಕ್ಕೆಯಲ್ಲಿ ಎಂದು ಕೇಳಿಸಿಕೊಂಡಿದ್ದೆ. ನಮ್ಮ ಕಡೆ ಧಕ್ಕೆ ಎಂದರೆ ಪೆಟ್ಟು. ಅದು ದೋಣಿ ನಿಲ್ಲುವ ಕಟ್ಟೆಯೂ ಹೌದೆಂದು ಚಿಕ್ಕಂದಿನಲ್ಲಿ ನನಗೆ ಹೇಳಿದವಳು ಪಕ್ಕದ ಮನೆಗೆ ಕಾರವಾರದಿಂದ ಸೊಸೆಯಾಗಿ ಬಂದಿದ್ದ ಅಕ್ಕ. ಬಂದರು, ದೋಣಿ, ಬೆನ್ನು ಹಾಕಿ ನಿಂತ ಅಪ್ಪ, ಎಲ್ಲವೂ ಕಿವಿಗೆ ಬೀಳದೆ ಹೋದ ಒಂದು ‘ಇ’ಕಾರದಿಂದ ಹುಟ್ಟಿದ್ದವು.

ಆ ಬಿಳಿ ಆಕೃತಿಯನ್ನು ಅಳಿಸಿಬಿಡೋಣವೆಂದು ಕುಂಚವನ್ನು ನೀರಿಗದ್ದಿದೆ.

“ತಡಿ,” ಎಂದಳು ಅವ್ವ. ನಗು ನಿಂತಿತ್ತು. ಬಗ್ಗಿ ಚಿತ್ರದ ಹತ್ತಿರ ಮುಖ ತಂದಳು. “ಎಡಗಡೆ ಭುಜ ಹಿಂಗ ಇಳಿಬಿಟ್ಟ ನಿಲ್ತಿದ್ರು. ಇದನ್ನ ನಿನಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ನಾನೂ ಹಾಗೇ ನಿಲ್ಲುತ್ತಿರಬಹುದು, ಕುಂಚ ಜಾರಿರಬಹುದು. ಕಾರಣಗಳು ನನ್ನಲ್ಲಿ ಬೇಕಾದಷ್ಟಿವೆ. ಅವ್ವ ಎಡ ಎಂದಳೋ ಬಲ ಎಂದಳೋ, ಈಗ ಅದೂ ಖಾತ್ರಿಯಿಲ್ಲ. ಚಿತ್ರದಲ್ಲಿ ಇಳಿದಿರುವುದು ಎಡಭುಜ, ಅದಕ್ಕೇ ಎಡ ಎನ್ನುತ್ತಿದ್ದೇನೆ.

ಕುಂಚದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಳಿಸಲು ಅಲ್ಲಿ ಬಣ್ಣವೇ ಇರಲಿಲ್ಲ. ಅಪ್ಪನನ್ನು ಇಲ್ಲವಾಗಿಸಬೇಕಾದರೆ ಮೇಲೆ ನೀಲಿ ಬಳಿದು ಸಮುದ್ರದಲ್ಲಿ ಮುಳುಗಿಸಬೇಕಿತ್ತು, ಅದೂ ಅವ್ವನ ಕಣ್ಣೆದುರಿಗೆ.

ಕುಂಚ ತೊಳೆದಿಟ್ಟೆ.