ಜೇಬಿನಲ್ಲಿದ್ದ ಉತ್ತರಗಳು

ಗಣಿತದ ಟ್ಯೂಷನ್ ಮೇಷ್ಟರು ಗಣಿತಕ್ಕೆ ಹೆದರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಈ ಧೈರ್ಯದ ಮೇಲೆಯೇ ಐವತ್ತರ ದಶಕದ ಕೊನೆಯಲ್ಲಿ ನಾನು ಒಂದು ವರ್ಷ ಪಾಠ ಹೇಳಿದೆ. ಎಸ್ಸೆಸ್ಸೆಲ್ಸಿ ಗಣಿತವನ್ನು ನಾನು ಎರಡನೆಯ ಸಲ ಕಟ್ಟಿ ಪಾಸಾದವನೆಂಬುದು ಬಂಗಾರಪೇಟೆಗೆಲ್ಲ ಗೊತ್ತಿತ್ತು. ಆದ್ದರಿಂದ ರೈಲು ಹತ್ತಿ ಚಿನ್ನದ ಗಣಿಗಳ ಊರಾದ ಉರಿಗಾಂಗೆ ಹೋಗಿ ಪಾಠ ಹೇಳುತ್ತಿದ್ದೆ. ಆ ದಿನದ ಲೆಕ್ಕಗಳನ್ನು ರೈಲಿನಲ್ಲೇ ಮಾಡಿ ನೋಡಿಕೊಳ್ಳುತ್ತಿದ್ದೆ. ಲೆಕ್ಕ ಮುಗಿಯುವ ಮುಂಚೆ ಸ್ಟೇಷನ್ ಬಂದುಬಿಟ್ಟರೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಮುಗಿಸುತ್ತಿದ್ದೆ.

ಶಿಷ್ಯೆಯ ಹೆಸರು ಮುನಿರತ್ನ. ಗಣಿತದಲ್ಲಿ ಒಂದು ಸಲ ಡುಮ್ಕಿ ಹೊಡೆದಿದ್ದಳು. ಈ ಸಲ ಪಾಸಾದರೆ ಟೀಚರ್ ಟ್ರೈನಿಂಗ್, ಇಲ್ಲವಾದರೆ ಓದು ಅಲ್ಲಿಗೆ ನಿಂತಂತೆ. ತಂದೆ ಮುನಿಶಾಮಪ್ಪ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವವರು. ಮೊದಲ ದಿನವೇ ನಾನು ಅವಳ ಪುಸ್ತಕದ ಕೊನೆಯಲ್ಲಿದ್ದ ಉತ್ತರದ ಹಾಳೆಗಳನ್ನು ಹರಿದು ಜೇಬಿಗಿಟ್ಟುಕೊಂಡೆ. ಹುಡುಗಿ ನೋಡಿ ಬರೆಯಬಾರದಲ್ಲ ಎಂದೆ. ನಿಜ ಹೇಳಬೇಕೆಂದರೆ, ಆ ಹಾಳೆಗಳಿಲ್ಲದೆ ನನಗೆ ಕೈಕಾಲು ಆಡುತ್ತಿರಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಒಂದು ಲೆಕ್ಕ ಕೊಟ್ಟೆ. ಎಂಟು ಜನ ಒಂದು ಸುರಂಗವನ್ನು ಹನ್ನೆರಡು ದಿನದಲ್ಲಿ ಕೊರೆದರೆ ಹದಿನಾರು ಜನಕ್ಕೆ ಎಷ್ಟು ದಿನ ಬೇಕು? ಅವಳು ಹನ್ನೆರಡು ಎಂದು ಬರೆದಳು. ಜೇಬಿನ ಹಾಳೆ ಆರು ಎನ್ನುತ್ತಿತ್ತು. ನಾನು ಗದರುವಷ್ಟರಲ್ಲಿ, ಪಾಳಿ ಮುಗಿಸಿ ಬಂದು ಗೋಡೆಗೊರಗಿದ್ದ ಮುನಿಶಾಮಪ್ಪ ಕಣ್ಣು ಬಿಟ್ಟರು.

"ಅವ್ಳು ಬರ್ದಿರಾದು ಸರಿಯಾಗೈತೆ ಮೇಷ್ಟ್ರೇ. ಸುರಂಗದಾಗೆ ಎಂಟು ಜನ ನಿಂತ್ಕಳಾದೇ ಕಷ್ಟ. ಮಿಕ್ಕಿದೋರು ಇಂದ್ಗಡೆ ಕುಂತು ಎಲೆಅಡಿಕೆ ಆಕ್ಕಂತಾರೆ, ಅಷ್ಟೆ."

"ಪುಸ್ತಕದಲ್ಲಿ ಎಲ್ಲರೂ ನಿಲ್ತಾರೆ" ಎಂದೆ.

"ಪುಸ್ತಕ ಬರ್ದೋರು ಒಳಕ್ಕೆ ಇಳಿದಿಲ್ಲ, ಬುಡಿ" ಎಂದು ಮತ್ತೆ ಕಣ್ಣು ಮುಚ್ಚಿದರು.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ನಮ್ಮ ಪ್ರಾಚೀನ ಗಣಿತಜ್ಞರು ಇಂಥ ಪೇಚಿಗೆ ಸಿಕ್ಕಿದವರಲ್ಲ. ಅವರು ಕಮಲದ ಸುತ್ತ ದುಂಬಿಗಳನ್ನು ಎಣಿಸಿದರು. ದುಂಬಿಗಳು ಹಾರಾಡಿಕೊಂಡಿರುತ್ತವೆ, ಅವಕ್ಕೆ ನಿಲ್ಲಲು ಜಾಗ ಬೇಡ. ಆ ಹುಡುಗಿಗೆ ಲೆಕ್ಕ ಬಾರದೆ ಇರಲಿಲ್ಲ, ಲೆಕ್ಕದ ಮೇಲೆ ನಂಬಿಕೆಯಿರಲಿಲ್ಲ. ನಂಬಿಕೆಗೆ ಟ್ಯೂಷನ್ ಹೇಳುವುದು ಹೇಗೆ?

ಹೆದರಿದವನ ಮೇಲೆ ಹಾವೆಸೆದ ಹಾಗೆ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಗೇಟಿನಲ್ಲೇ ಅವಳನ್ನು ತಡೆದು ಕೇಳಿದೆ.

"ಆರು ಅಂತ್ಲೇ ಬರ್ದೆ ಸಾರ್. ಕೆಳಗೆ, 'ಎಲ್ಲರಿಗೂ ನಿಲ್ಲಲು ಜಾಗವಿದ್ದರೆ' ಅಂತ ಸೇರಿಸ್ದೆ."

ಅಧಿಕಪ್ರಸಂಗವೆಂದು ಪರೀಕ್ಷಕರು ಸೊನ್ನೆ ಸುತ್ತಿದರೆ ಹುಡುಗಿಯ ಗತಿ? ಫಲಿತಾಂಶದವರೆಗೂ ಆ ಪರೀಕ್ಷಕರಿಗೆ ಒಳ್ಳೆಯ ಊಟ, ಒಳ್ಳೆಯ ನಿದ್ದೆ ಸಿಗಲೆಂದು ಹಾರೈಸುತ್ತಿದ್ದೆ.

ಪಾಸಾದವರ ನಂಬರುಗಳನ್ನು ಶಾಲೆಯ ಗೋಡೆಗೆ ಅಂಟಿಸಿದ ದಿನ ನಾನು ಗೇಟಿನ ಬಳಿಯೇ ನಿಂತುಬಿಟ್ಟೆ. ಮುನಿರತ್ನಳೂ ನನ್ನ ಪಕ್ಕದಲ್ಲೇ ಬೆರಳು ಕಚ್ಚುತ್ತ ನಿಂತಳು. ಅಕ್ಷರ ಓದಲು ಬಾರದ ಮುನಿಶಾಮಪ್ಪನವರೇ ಜನರ ನಡುವೆ ನುಗ್ಗಿ, ಗೋಡೆಯ ಮೇಲೆ ಬೆರಳಾಡಿಸಿ ತಿರುಗಿ ಬಂದರು.

"ಐತೆ."

"ಇನ್ನೊಂದು ಸಲ ನೋಡಿ" ಎಂದೆ.

"ದಿನಾ ನಂಬರ್ ಬಿಲ್ಲೆ ನೋಡ್ಕಂಡು ಗಣಿಗೆ ಇಳಿಯೋನು ನಾನು ಮೇಷ್ಟ್ರೇ. ಅಂಕೆ ತಪ್ಪಾಕಿಲ್ಲ."

ನನಗೆ ಅಳು ಬಂತು, ಮುಚ್ಚಿಡುವುದೇನು. ಹರಿದ ಹಾಳೆಗಳನ್ನು ಆ ದಿನವೇ ಮುನಿರತ್ನಳಿಗೆ ಹಿಂದಿರುಗಿಸಿದೆ. ಕೊಡುವ ಮೊದಲು, ಆ ಆರರ ಪಕ್ಕದಲ್ಲಿ 'ಎಲ್ಲರಿಗೂ ನಿಲ್ಲಲು ಜಾಗವಿದ್ದರೆ' ಎಂದು ಪೆನ್ಸಿಲಿನಲ್ಲಿ ಸೇರಿಸಿದೆ. ಇಡೀ ವರ್ಷದಲ್ಲಿ ಜೇಬು ಮುಟ್ಟದೆ ನಾನು ಬರೆದ ಉತ್ತರ ಅದೊಂದೇ, ಅದೂ ನನ್ನದಲ್ಲ.