ಒಂದು ಗೇಣು ಕಡಿಮೆಯಾದ ಗಾಲೀಚೆ

ಎಷ್ಟು ತೊಳೆದರೂ ಒದ್ದೆ ಉಣ್ಣೆಗೆ ಕುರಿಯ ವಾಸನೆ ಇದ್ದೇ ಇರುತ್ತದೆ. ಮೊನ್ನೆ ಬಕೆಟ್ಟಿನಲ್ಲಿ ಸ್ವೆಟರು ನೆನೆಹಾಕಿದಾಗ ಆ ವಾಸನೆ ಮೂಗಿಗೆ ಹತ್ತಿತು. ನಾವು ಚಿಕ್ಕಮ್ಮ ಅನ್ನುವ ಹಾಗೆ ಕರೆಯುತ್ತಿದ್ದ ಎದುರುಮನೆ ಕಾಕು ನೆನಪಾದರು. ಅವರ ಉಣ್ಣೆಯ ಗಾಲೀಚೆ ಕೆಂಪಗಿತ್ತು. ಕೆಂಪಗಿತ್ತು ಅಂತ ಬರೆದೆ, ಕಂದು ಇದ್ದಿರಲೂಬಹುದು. ಬಣ್ಣದ ಬಗ್ಗೆ ಆಗ ಯಾರೂ ಜಗಳಾಡಲಿಲ್ಲ, ಅದಕ್ಕೇ ನೆನಪಿಲ್ಲ...

ಐವತ್ತರ ದಶಕದ ಕೊನೆ, ಧಾರವಾಡ. ಅಕ್ಕನನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬರುವವರಿದ್ದರು. ಕೂಡಿಸಲು ನಮ್ಮಲ್ಲಿ ಹರಿದ ಜಮಖಾನೆ ಮಾತ್ರ ಇತ್ತು. ಅವ್ವ ಕಾಕು ಹತ್ತಿರ ಗಾಲೀಚೆ ಕೇಳಿ ತಂದಳು. ಅದನ್ನು ಕಾಕು ಜೋಪಾನ ಮಾಡುವ ರೀತಿ ನಮ್ಮ ಸಾಲುಮನೆಗಳ ಇಡೀ ಚಾಳಿಗೆ ಗೊತ್ತಿತ್ತು. ಮಳೆಗಾಲ ಮುಗಿದ ಮೇಲೆ ಎಳೆಬಿಸಿಲಿಗೆ ಹಾಕಿ, ಬೆನ್ನ ಕಡೆಯಿಂದಷ್ಟೇ ಬೆತ್ತದಿಂದ ಬಡಿದು, ಒಳಗೆ ಬೇವಿನ ಸೊಪ್ಪಿಟ್ಟು ಸುತ್ತಿ, ಹಳೇ ಧೋತರದಲ್ಲಿ ಕಟ್ಟುತ್ತಿದ್ದರು. ನೀರು ಮುಟ್ಟಿಸುತ್ತಿರಲಿಲ್ಲ.

ಬಂದವರಲ್ಲಿ ಯಾರೋ ಅದರ ಮೇಲೆ ಚಹಾ ಚೆಲ್ಲಿದರು. ಅವ್ವ ಗಾಬರಿಯಾಗಿ ಹಂಡೆಯ ಬಿಸಿನೀರು ಸುರಿದು, ಅಂಟವಾಳಕಾಯಿ ಹಾಕಿ ತಿಕ್ಕಿದಳಂತೆ. ಕಲೆ ಹೋಯಿತು, ಗಾಲೀಚೆ ಕುಗ್ಗಿತು. ಹಾಗಂತ ಅವ್ವ ಹೇಳಿದಳು. ನಾನು ಸಾಲೆಯಲ್ಲಿದ್ದೆ, ನೋಡಿಲ್ಲ. ಆ ಸಂಬಂಧವೂ ಕೂಡಿಬರಲಿಲ್ಲ.

ಅವ್ವ ವಾಪಸು ಕೊಡಲು ಹೋದಾಗ ಕಾಕು ಅದನ್ನು ತಮ್ಮ ಮಂಚದ ಮೇಲೆ ಹಾಸಿ ನೋಡಿದರು.

"ವೈನಿ, ಇದು ನಮ್ಮದಲ್ಲ. ನಮ್ಮದು ಮಂಚದ ತುಂಬ ಬರ್ತಿತ್ತು. ಇದು ಗೇಣು ಕಡಿಮಿ ಅದ."

"ಬಿಸಿನೀರಾಗ ತೊಳದೇನ್ರಿ, ಕುಗ್ಗೇದ."

"ಅರಿವಿ ಕುಗ್ಗೂದು ಕೇಳೇನಿ. ಇಷ್ಟು ದಪ್ಪ ಗಾಲೀಚಾ ಕುಗ್ಗತದ? ಖರೇ ಹೇಳ್ರಿ, ನಮ್ಮದು ಎಲ್ಲಿ ಅದ?"

ಅವ್ವ ಅದನ್ನು ಸುತ್ತಿಕೊಂಡು ವಾಪಸು ಬಂದಳು. ಆಮೇಲೆ ಚಾಳಿನಲ್ಲಿ ಯಾರೂ ಅವಳಿಗೆ ಒಂದು ತಾಟನ್ನೂ ಎರವಲು ಕೊಡಲಿಲ್ಲ. ಅಥವಾ ಅವಳೇ ಕೇಳಲಿಲ್ಲವೋ... ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವ್ವ, ಕಾಕುವಿನ ಕಿಟಕಿಗೆ ಕಾಣುವ ಹಾಗೆ ಗೋಡೆಯ ಮೇಲೆ ಗಾಲೀಚೆ ಹರವಿ, ಬೆನ್ನ ಕಡೆಯಿಂದಷ್ಟೇ ಬಡಿಯುತ್ತಿದ್ದಳು. ಒಂದು ಸಲ ಆ ಕಿಟಕಿಯಿಂದ ಕಾಕುವಿನ ದನಿ ಬಂತು.

"ಬಿಸಲು ಏರೇದರೀ ವೈನಿ, ಲಗೂ ತಗೀರಿ, ಬಣ್ಣ ಹೋಗ್ತದ!"

"ಯಾರದೋ ಗಾಲೀಚಾ, ನಿಮಗ್ಯಾಕ್ರಿ ಚಿಂತಿ?" ಅಂದಳು ಅವ್ವ.

ಕಿಟಕಿ ಧಡ್ ಅಂತ ಮುಚ್ಚಿತು.

ಕೆಲವು ವರ್ಷಗಳ ಮೇಲೆ ಕಾಕುವಿನ ಗಂಡ ಕಾಕಾಗೆ ಬೇರೆ ಊರಿಗೆ ವರ್ಗವಾಯಿತು. ಟಾಂಗಾದಲ್ಲಿ ಸಾಮಾನು ಹೇರುವಾಗ ಅವ್ವ ಗಾಲೀಚೆ ಹೊತ್ತು ಹೋದಳು. ಕಾಕು ಒಂದು ಮೂಲೆ ತಿರುವಿ ನೇಯ್ಗೆಯನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತ್ತು ಅಂತ ಬರೆದಿದ್ದೆ, ಹೊಡೆದುಹಾಕಿದೆ. ನಾನು ನಿಂತಲ್ಲಿಗೆ ಮುಖ ಕಾಣುತ್ತಿರಲಿಲ್ಲ.

"ನಮ್ಮದಲ್ಲರಿ," ಅಂದರು. ಟಾಂಗಾ ಹೊರಟ ಮೇಲೆ ಹೊರಗೆ ಬಾಗಿ ಕೂಗಿದರು: "ನುಸಿ ಹತ್ತಗೊಡಬ್ಯಾಡ್ರಿ ಮತ್ತ!"

ಈಗ ಇಬ್ಬರೂ ಇಲ್ಲ. ಗುರುತು ಹತ್ತಿಯೂ ಕಾಕು ಒಪ್ಪಲಿಲ್ಲವೋ, ಖರೇನೇ ಅದು ಅವರದಲ್ಲವೋ... 'ಹೌದು' ಎಂಬ ಒಂದು ಮಾತಿಗೆ ಅವ್ವ ಕೊನೆಯವರೆಗೆ ಕಾದಳು. ಗಾಲೀಚೆ ನನ್ನ ಮನೆಯಲ್ಲಿದೆ, ಮೊದಲಿನ ಬಣ್ಣ ಯಾವುದೆಂದು ಗುರುತು ಸಿಗದಷ್ಟು ಮಾಸಿದೆ, ಅದರ ಮೇಲೆ ಯಾರೂ ಕೂಡುವುದಿಲ್ಲ. ಯಾರದು ಎಂದು ಬಂದವರು ಕೇಳಿದರೆ ಕಾಕುದು ಅನ್ನುತ್ತೇನೆ. ಅವ್ವನ ಪರವಾಗಿ ಹೇಳುವ ಸಾಕ್ಷಿ ಅದು. ಕಣ್ಣಾರೆ ಕಂಡದ್ದಲ್ಲ.